ಎಬ್ಬಿಸುವವಳು

ಪ್ರಾಣಿಗಳನ್ನು ಮಲಗಿಸುವುದು ಡಾಕ್ಟರ ಕೆಲಸವಾದರೆ ಎಬ್ಬಿಸುವುದು ಅವಳ ಕೆಲಸ.

ಪಶು ಆಸ್ಪತ್ರೆಯ ಹಿಂಭಾಗದಲ್ಲಿ, ಆಪರೇಷನ್ ಕೋಣೆಗೆ ಅಂಟಿಕೊಂಡಂತೆ, ಉದ್ದನೆಯದೊಂದು ಕೋಣೆಯಿದೆ. ಇರುವ ಒಂದೇ ಕಿಟಕಿಯ ಗಾಜಿಗೆ ಅರ್ಧದವರೆಗೆ ಬಿಳಿ ಬಣ್ಣ ಬಳಿದಿದ್ದಾರೆ. ನೆಲ ಒಂದು ಮೂಲೆಗೆ ಇಳಿಜಾರು. ಬಕೆಟ್ಟಿನ ನೀರು ಚೆಲ್ಲಿದರೆ ಯಾರೂ ಹೇಳದೆಯೇ ಮೋರಿಯ ದಾರಿ ಹಿಡಿಯುತ್ತದೆ. ಅರಿವಳಿಕೆಯ ಅಮಲಿನಲ್ಲಿರುವ ನಾಯಿ, ಬೆಕ್ಕು, ಯಾವಾಗಲಾದರೊಮ್ಮೆ ಮೇಕೆಮರಿ, ಒಂದು ಸಲ ಯಾರೋ ಸಾಕಿದ ಗಿಳಿ, ಎಲ್ಲವೂ ಆ ಕೋಣೆಯಲ್ಲೇ ಕಣ್ಣು ಬಿಡುತ್ತವೆ. ಕಣ್ಣು ಬಿಟ್ಟಾಗ ಅವುಗಳಿಗೆ ಮೊದಲು ಕಾಣುವುದು ಅವಳ ಮುಖ. ಹೊಲಿಗೆ ಹಾಕಿಸಿಕೊಂಡ ಸಿಟ್ಟಿಗೆ ಮೊದಲು ಕಚ್ಚಿಸಿಕೊಳ್ಳುವವಳೂ ಅವಳೇ.

ನೋಡುವವರಿಗೆ ಅದು ಕೆಲಸದಂತೆ ಕಾಣುವುದಿಲ್ಲ. ಗಿಡ್ಡ ಸ್ಟೂಲಿನ ಮೇಲೆ ಕೂತು ಕಾಯುವುದು, ಅಷ್ಟೆ. ನಾಲಿಗೆ ಹಿಂದಕ್ಕೆ ಜಾರದಂತೆ ಪಕ್ಕಕ್ಕೆ ಎಳೆದಿಡಬೇಕು, ಒಸಡಿನ ಬಣ್ಣ ನೋಡುತ್ತಿರಬೇಕು, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಹೊಟ್ಟೆಯ ಹತ್ತಿರ ಇಡಬೇಕು. ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಕೆಳಗಿನ ಶ್ವಾಸಕೋಶ ಭಾರವಾಗುತ್ತದೆ, ಆಗಾಗ ಹೊರಳಿಸಬೇಕು. ನಡುನಡುವೆ ಅವಳು ಬಗ್ಗಿ ಕಿವಿಯೊಳಗೆ ಮೆಲ್ಲಗೆ ಊದುತ್ತಾಳೆ. ಕಿವಿಯ ತುದಿ ಅದುರಿದರೆ ‘ದಾರಿಯಲ್ಲಿದ್ದಾನೆ’ ಅನ್ನುತ್ತಾಳೆ. ಅದುರದಿದ್ದರೆ ಸ್ಟೂಲನ್ನು ಇನ್ನೊಂದಿಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತಾಳೆ.

ಆಸ್ಪತ್ರೆಗೆ ಬರುವವರ ಬಾಯಲ್ಲಿ ಅವಳು ಎಚ್ಚರಕ್ಕ. ಅವಳ ಗಂಡ ಬಸ್ ಓಡಿಸುತ್ತಾನೆ. ಅವನಿಗೆ ಈ ಹೆಸರೆಂದರೆ ಬಲು ಮೋಜು. ಊರಿನ ಹೆಂಗಸರೆಲ್ಲ ಮಕ್ಕಳನ್ನು ಮಲಗಿಸಲು ಒದ್ದಾಡುವಾಗ ತನ್ನವಳು ಮಲಗಿದವರನ್ನು ಎಬ್ಬಿಸಿ ಸಂಬಳ ತರುತ್ತಾಳೆ, ಆದರೆ ತನ್ನನ್ನು ಮಾತ್ರ ಒಂದು ದಿನವೂ ಎಬ್ಬಿಸಿದವಳಲ್ಲ ಎಂದು ಅವನು ಪ್ರಯಾಣಿಕರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ.

ಕಾಯುವುದನ್ನು ಅವಳು ಕಲಿತಿದ್ದು ಕುದುರೆ ಲಾಯದಲ್ಲಿ. ಅಪ್ಪ ಅಮ್ಮ ಇಬ್ಬರೂ ಬೇಗ ಹೋದರು. ಅಣ್ಣನಿಗೆ ಆಗಿನ್ನೂ ಮೀಸೆ ಮೂಡಿರಲಿಲ್ಲ. ಊರಂಚಿನಲ್ಲಿ ಸವಾರಿ ಕಲಿಸುವವರ ಲಾಯವೊಂದಿತ್ತು; ಅಲ್ಲಿ ಲದ್ದಿ ಬಾಚುವ ಕೆಲಸಕ್ಕೆ ಸೇರಿದ ಅವನು ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಹೋಗುತ್ತಿದ್ದ. ಒಣಹುಲ್ಲಿನ ಸಿವುಡುಗಳ ನಡುವೆ ಅವಳನ್ನು ಕೂರಿಸಿ, ‘ಇಲ್ಲೇ ಇರು, ಬರ್ತೀನಿ’ ಎಂದರೆ ಅವಳು ಅಲ್ಲೇ ಇರುತ್ತಿದ್ದಳು. ಅಣ್ಣ ಬರುತ್ತಿದ್ದ. ಬರುತ್ತೇನೆಂದು ಹೇಳಿ ಬಾರದೆ ಇದ್ದದ್ದು ಅವಳಿಗೆ ನೆನಪಿಲ್ಲ.

ಈಗ ಆ ಲಾಯದ ಉಸ್ತುವಾರಿಯೆಲ್ಲ ಅಣ್ಣನದೇ. ಮದುವೆಯಾಗಲಿಲ್ಲ. ಮಾತು ಕಡಿಮೆ. ಕುದುರೆಗೆ ಹಾಕಬೇಕಾದ ಲಗಾಮನ್ನು ಈ ಮನುಷ್ಯ ತನ್ನ ಬಾಯಿಗೇ ಹಾಕಿಕೊಂಡಿದ್ದಾನೆ ಎಂದು ಯಾರೋ ತಮಾಷೆ ಮಾಡಿದ್ದೇ ನೆಪ, ಊರಿಗೆಲ್ಲ ಅವನು ಲಗಾಮಣ್ಣನಾದ. ಅಂಥವನು ಬಾಯಿ ಬಿಟ್ಟು ಮಾತಾಡಿದ್ದು ಒಬ್ಬಳ ಜತೆ ಮಾತ್ರ. ಅವಳು ಬೂದಿ, ಅವನ ನಾಯಿ.

ಬೂದಿ ಕುರಿ ಕಾಯುವ ಜಾತಿಯವಳು. ಉದ್ದ ಕೂದಲು, ಬೂದುಬಣ್ಣದ ಮೇಲೆ ಕರಿ ಚುಕ್ಕೆ. ಊರು ಬಿಟ್ಟು ಹೊರಟ ಕುದುರೆಯ ಮಾಲೀಕರೊಬ್ಬರು ಅವಳನ್ನೂ ಅದೇ ಜಾತಿಯ ಒಂದು ಗಂಡು ನಾಯಿಯನ್ನೂ ಲಾಯದಲ್ಲೇ ಬಿಟ್ಟು ಹೋಗಿದ್ದರು. ಕುರಿಗಳಿಲ್ಲದ ಕಡೆ ಅವಳು ಕುದುರೆಗಳನ್ನೇ ಕಾಯತೊಡಗಿದಳು. ಸಂಜೆ ಮೈದಾನದಿಂದ ಅವುಗಳನ್ನು ಒಟ್ಟುಮಾಡಿ ಗೇಟಿನೊಳಗೆ ತರುವುದು ತನ್ನ ಹಕ್ಕೆಂದು ತಿಳಿದಿದ್ದಳು. ಆ ಗಂಡಿನಿಂದ ಒಂದೇ ಒಂದು ಸಲ ಮರಿ ಹಾಕಿದಳು; ಆಮೇಲೆ ಅದು ಎತ್ತಲೋ ಹೋಯಿತು. ಮರಿಗಳಿಗೆ ಮನೆ ಹುಡುಕುವಾಗ ಅಣ್ಣ ಮಾಡಿದ ವಿಚಾರಣೆಯನ್ನು ಕಂಡು ಎಚ್ಚರಕ್ಕನ ಗಂಡ, ‘ನಿನ್ನನ್ನ ನನಗೆ ಕೊಡೋವಾಗ ಇಷ್ಟು ಕೇಳಿರ್ಲಿಲ್ಲ ಬಿಡು’ ಎಂದಿದ್ದ. ಒಂದು ಮರಿಯನ್ನು ಅಣ್ಣ ಉಳಿಸಿಕೊಂಡ. ಬೂದಿಯ ಮಗಳಿಗೆ ಕಿಡಿ ಎಂದು ಹೆಸರಿಟ್ಟ.

ಕಿಡಿ ಇನ್ನೂ ಹಾಲುಹಲ್ಲಿನ ಮರಿಯಾಗಿದ್ದಾಗ, ಒಂದು ಬೆಳಿಗ್ಗೆ ಬೂದಿ ಜೊಲ್ಲು ಸುರಿಸುತ್ತ ಗೋಡೆಗೆ ಡಿಕ್ಕಿ ಹೊಡೆದಳು. ಕಣ್ಣು ತೆರೆದೇ ಇತ್ತು, ಕಾಣುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಕಾಲು ಸೋತು ಬಿದ್ದವಳು ಏಳಲೇ ಇಲ್ಲ. ಅಣ್ಣ ಅವಳನ್ನು ಕುದುರೆಯ ಕಂಬಳಿಯಲ್ಲಿ ಸುತ್ತಿ ಹೊತ್ತು ತಂದ. ಆಗಿದ್ದ ಹಳೆಯ ಡಾಕ್ಟರು ಒಳ್ಳೆಯವರು, ಕೈ ಚೆಲ್ಲುವ ಆಸಾಮಿಯಲ್ಲ. ವಿಷವೇ ಇರಬೇಕೆಂದು ಅದಕ್ಕೆ ಇದಕ್ಕೆ ಎಲ್ಲಕ್ಕೂ ಔಷಧಿ ಕೊಟ್ಟು ನೋಡಿದರು. ಬೂದಿ ಕಲ್ಲಿನಂತೆ ಮಲಗಿದಳು. ಎಚ್ಚರಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಮೂರನೆಯ ದಿನ ಅವಳು ಕಿವಿಯೊಳಗೆ ಊದಿದಾಗ ತುದಿ ಅದುರಿತು. ಅವಳು ಅದನ್ನು ಹೇಳಿದಳು. ಅದು ನರ ತಾನಾಗಿಯೇ ಅದುರುವುದು, ಒಳಗೆ ಏನೂ ಉಳಿದಿಲ್ಲ ಎಂದು ಡಾಕ್ಟರು ಬೇಸರದಿಂದಲೇ ಹೇಳಿದರು. ಅವರಿಗೆ ತಿಳಿದಿದ್ದಷ್ಟನ್ನು ಅವರು ಹೇಳಿದರು. ಅದಕ್ಕಿಂತ ಹೆಚ್ಚು ಆಗ ಆ ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಇನ್ನು ನರಳಿಸುವುದು ಬೇಡ ಅಂದ ಮೇಲೆ ಅಣ್ಣ ಹೂಂ ಎಂದು ತಲೆಯಾಡಿಸಿದ. ಸೂಜಿ ಚುಚ್ಚುವಾಗ ಬೂದಿಯ ಮುಂಗಾಲು ಹಿಡಿದಿದ್ದವಳು ಎಚ್ಚರಕ್ಕ. ತಲೆ ಹಿಡಿದಿದ್ದವನು ಅಣ್ಣ.

ಆಮೇಲೆ ಅಣ್ಣ ಬದಲಾದ. ಮೊದಲು ಎರಡು ಮಾತಿಗೆ ಮೂರನೆಯದು ಆಡದವನು ಈ ಒಂದು ಸಂಗತಿಯನ್ನು ಮಾತ್ರ ಕೇಳಿದವರಿಗೆ, ಕೇಳದವರಿಗೆ ಹೇಳತೊಡಗಿದ. ಕುದುರೆ ಮುದಿಯಾಗಿ ಬಿದ್ದವರು, ಬೆಕ್ಕಿಗೆ ಗಡ್ಡೆಯಾದವರು ಲಾಯಕ್ಕೆ ಬಂದು ಅವನ ಹತ್ತಿರ ಕೂರುತ್ತಿದ್ದರು. ನಮ್ಮ ಸಮಾಧಾನಕ್ಕೆ ಅವನ್ನು ನರಳಿಸಬಾರದು, ನಾನು ಬೂದಿಯನ್ನು ಸರಿಯಾದ ಹೊತ್ತಿಗೆ ಕಳಿಸಿಕೊಟ್ಟೆ, ಬದುಕಿನಲ್ಲಿ ನಾನು ಸರಿಯಾಗಿ ಮಾಡಿದ್ದು ಅದೊಂದು ಎಂದು ಅವನು ಹೇಳುತ್ತಿದ್ದ. ಬಂದವರು ಹಗುರಾಗಿ ಹೋಗುತ್ತಿದ್ದರು. ಎಚ್ಚರಕ್ಕನಿಗೆ ಇದರಲ್ಲಿ ಒಂದೇ ಒಂದು ಮಾತು ಕುಟುಕುತ್ತಿತ್ತು. ಅದೊಂದೇ ಏಕೆ, ನನ್ನನ್ನು ಬೆಳೆಸಲಿಲ್ಲವೇ ಎಂದು ಕೇಳಬೇಕೆನಿಸುತ್ತಿತ್ತು. ಕೇಳಲಿಲ್ಲ. ಅವನು ಆ ಮಾತಿಗೆ ಒರಗಿ ನಿಂತಿದ್ದಾನೆಂದು ಅವಳಿಗೆ ಗೊತ್ತಿತ್ತು.

ಹೀಗೇ ಕೆಲವು ವರ್ಷ ಕಳೆದ ಮೇಲೆ ಕಿಡಿ ಬಿದ್ದಳು.

ಅದೇ ಕುದುರೆ ಕಂಬಳಿ, ಅದೇ ಜೊಲ್ಲು, ಅದೇ ತೆರೆದ ಕುರುಡುಗಣ್ಣು. ಅಣ್ಣ ಅವಳನ್ನು ಮೇಜಿನ ಮೇಲಿಟ್ಟು, ಕಂಬಳಿಯ ಅಂಚನ್ನು ನೇರ ಮಾಡಿದ. ತಂಗಿಯ ಮುಖ ನೋಡದೆ ಹೇಳಿದ: ‘ಇವಳಮ್ಮನಿಗೆ ಮಾಡಿದ ಹಾಗೆ ಇವಳಿಗೂ ಮಾಡಿಬಿಡು. ನಾಳೆ ನಾಡಿದ್ದು ಅಂತ ಎಳೆಯೋದು ಬೇಡ. ನಾನು ಇನ್ನೊಂದ್ಸಲ ಮೂರು ದಿನ ನೋಡ್ತಾ ಕೂರಲ್ಲ.’

ಹಳೆಯ ಡಾಕ್ಟರು ನಿವೃತ್ತರಾಗಿ ಅವರ ಜಾಗಕ್ಕೆ ಹೊಸ ಡಾಕ್ಟರಮ್ಮ ಬಂದಿದ್ದರು. ವಯಸ್ಸು ಚಿಕ್ಕದು, ನಡಿಗೆ ಚುರುಕು, ಪ್ರಶ್ನೆ ಕೇಳುವುದರಲ್ಲಿ ಪೊಲೀಸರನ್ನೂ ಮೀರಿಸಿದವರು. ಕಿಡಿಯ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು, ಉದ್ದ ಕೂದಲನ್ನು ಬೆರಳಲ್ಲಿ ಹಿಡಿದು ನೋಡಿದರು. ಆಮೇಲೆ ಯಾರೂ ಎಣಿಸದ ಪ್ರಶ್ನೆ ಕೇಳಿದರು: ಲಾಯದ ಕುದುರೆಗಳಿಗೆ ಈಚೆಗೆ ಜಂತಿನ ಔಷಧಿ ಕೊಟ್ಟಿದ್ದೀರಾ?

ಕೊಟ್ಟಿದ್ದರು. ಪ್ರತಿ ಸಲದ ಹಾಗೆ ಎಲ್ಲ ಕುದುರೆಗಳಿಗೂ ಒಂದೇ ದಿನ. ಹಲ್ಲುಜ್ಜುವ ಪೇಸ್ಟಿನಂತೆ ಇರುತ್ತದೆ, ನಾಲಿಗೆಯ ಮೇಲೆ ಹಚ್ಚಿದರಾಯಿತು.

‘ಇವಳು ಕುದುರೆ ಲದ್ದಿ ತಿಂತಾಳಾ?’

ಅಣ್ಣನಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿತು. ಲಾಯದ ನಾಯಿ ಲದ್ದಿ ತಿನ್ನದೆ ಇನ್ನೇನು ತಿನ್ನುತ್ತದೆ, ಎಲ್ಲವೂ ತಿನ್ನುತ್ತವೆ, ಗೇಟಿನ ಕಂದು ನಾಯಿಯಂತೂ ಅನ್ನ ಬಿಟ್ಟು ಅದನ್ನೇ ತಿನ್ನುತ್ತದೆ, ಅದು ಗುಂಡುಕಲ್ಲಿನ ಹಾಗಿದೆ ಎಂದ. ಒಪ್ಪಿಗೆಯ ಕಾಗದಕ್ಕೆ ಸಹಿ ಬೇಕಾದರೆ ಈಗಲೇ ಹಾಕುತ್ತೇನೆ ಎಂದೂ ಸೇರಿಸಿದ. ಒಂದು ಘಂಟೆ ಕೊಡಿ ಎಂದು ಡಾಕ್ಟರಮ್ಮ ಕೇಳಿಕೊಂಡರು. ಅವನು ಹೊರಗಿನ ಬೆಂಚಿಗೆ ಹೋಗಿ ಕೂತ.

ಬಾಗಿಲು ಮುಚ್ಚಿ ಅವರು ಎಚ್ಚರಕ್ಕನಿಗೆ ವಿವರಿಸಿದರು. ಔಷಧಿ ರಕ್ತದ ಜತೆ ಇಡೀ ಮೈ ಸುತ್ತುತ್ತದೆ. ಮಿದುಳಿನ ಹತ್ತಿರ ಬಂದಾಗ ಅಲ್ಲಿನ ರಕ್ತನಾಳದ ಗೋಡೆಯಲ್ಲಿ ಒಂದು ಕಾವಲಿದೆ. ಬೇಡದ್ದು ಒಳಗೆ ನುಗ್ಗಿದರೆ ಅದು ಕತ್ತು ಹಿಡಿದು ಆಚೆ ತಳ್ಳುತ್ತದೆ. ಕುದುರೆಯಲ್ಲಿ, ಗೇಟಿನ ಕಂದು ನಾಯಿಯಲ್ಲಿ ಆ ಕಾವಲು ಗಟ್ಟಿ. ಕುರಿ ಕಾಯುವ ನಾಯಿಗಳ ಕೆಲವು ವಂಶಗಳಲ್ಲಿ ಕಾವಲಿನವನೇ ಇಲ್ಲ. ಎಂದೋ ಯಾವುದೋ ಮುತ್ತಜ್ಜಿ ನಾಯಿಯಲ್ಲಿ ಆದ ಚಿಕ್ಕ ಬದಲಾವಣೆ ಮರಿಯಿಂದ ಮರಿಗೆ ಇಳಿಯುತ್ತ ಬಂದಿದೆ. ಕುದುರೆಯ ಹೊಟ್ಟೆಯಿಂದ ಲದ್ದಿಯ ಜತೆ ಹೊರಬಿದ್ದ ಔಷಧಿ ಇಂಥ ನಾಯಿಯ ಮಿದುಳಿಗೆ ಸೀದಾ ನುಗ್ಗುತ್ತದೆ. ಹಿಂದಿನ ಸಲಗಳಲ್ಲಿ ಏನೂ ಆಗಿರದಿದ್ದರೆ ಆಗ ಬಾಯಿಗೆ ಬಿದ್ದದ್ದು ಕಡಿಮೆಯಿರಬೇಕು. ‘ಸುಮ್ಮನಿರು’ ಎಂದು ನರಗಳಿಗೆ ಹೇಳುವ ಸಂದೇಶವೊಂದು ಮಿದುಳಲ್ಲಿ ಮೊದಲೇ ಇರುತ್ತದೆ; ಈ ಔಷಧಿ ಅದನ್ನೇ ಹಿಡಿದು ಜೋರು ಮಾಡುತ್ತದೆ. ಇಡೀ ನಾಯಿ ಸುಮ್ಮನಾಗುತ್ತದೆ.

‘ಮಿದುಳು ಕೆಟ್ಟಿಲ್ಲ ಅಕ್ಕ,’ ಎಂದರು ಡಾಕ್ಟರಮ್ಮ. ‘ಒಳಗೆ ಹೋಗಿದ್ದು ನಿಧಾನಕ್ಕೆ ಆಚೆ ಬರುತ್ತೆ. ಅದಕ್ಕೆ ಇಳಿಸೋ ಮದ್ದು ಅಂತ ಇಲ್ಲ. ವಾರ ಹಿಡಿಯಬಹುದು, ಎರಡು ವಾರ ಹಿಡಿಯಬಹುದು. ಅಷ್ಟು ದಿನ ಉಸಿರು ನಿಲ್ಲದ ಹಾಗೆ, ಮೈ ಹುಣ್ಣಾಗದ ಹಾಗೆ ನೋಡ್ಕೊಂಡ್ರೆ ಎಷ್ಟೋ ನಾಯಿಗಳು ಏಳ್ತವೆ.’

ಎಚ್ಚರಕ್ಕ ಕಿಡಿಯ ಕಿವಿಯನ್ನು ಬೆರಳ ನಡುವೆ ಹಿಡಿದುಕೊಂಡೇ ನಿಂತಿದ್ದಳು. ಇಂಥದ್ದಾದಾಗ ಊದಿದರೆ ಕಿವಿ ಅದುರುತ್ತದೆಯೇ ಎಂದು ಕೇಳಿದಳು. ಔಷಧಿ ಇಳಿಯುವ ಕಡೆ ತಿರುಗಿದ ಮೇಲೆ ಅದುರಬಹುದು ಎಂದರು ಡಾಕ್ಟರಮ್ಮ. ಕೇಳಿದ್ದು ಏಕೆಂದು ಅವರಿಗೆ ಹೊಳೆಯಲು ತಡವಾಗಲಿಲ್ಲ. ಬೂದಿಯ ಕತೆ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮುದಿ ಪ್ರಾಣಿಗಳನ್ನು ತಂದವರು ಲಗಾಮಣ್ಣನ ಮಾತನ್ನು ಅಲ್ಲಿ ಹೇಳುತ್ತಲೇ ಇದ್ದರು.

ಡಾಕ್ಟರಮ್ಮ ಟಾರ್ಚನ್ನು ಜೇಬಿಗಿಟ್ಟರು. ಬೂದಿಯ ವಿಷಯ ಎತ್ತುವುದೇ ಬೇಡ, ನಿಮ್ಮಣ್ಣ ಕೇಳಿದರೆ ಅದು ಬೇರೆ ಕಾಯಿಲೆ ಅಂದುಬಿಡೋಣ ಎಂದರು. ಹಾಗೆ ಹೇಳಿ ತಾವೇ ಹೊರಗೆ ಹೋಗಿ ಅಣ್ಣನಿಗೆ ಕಾವಲಿನ ವಿಷಯ, ವಾರದ ವಿಷಯ ಎಲ್ಲ ಹೇಳಿದರು. ಅಣ್ಣ ಮರ್ಯಾದೆಯಿಂದ ಕೇಳಿಸಿಕೊಂಡ. ತನ್ನ ಕುದುರೆಗಳ ವಿಷಯದಲ್ಲೂ ಹೀಗೆ ಭರವಸೆ ಕೊಟ್ಟ ಡಾಕ್ಟರುಗಳನ್ನು ಅವನು ನೋಡಿದ್ದ. ‘ಕಾಯೋದು ನಮ್ಮ ಆಸೆಗೆ ಡಾಕ್ಟ್ರೇ. ಅವಳಿಗಲ್ಲ. ಇದನ್ನ ನಾನು ಬೂದಿಯಲ್ಲಿ ಕಲ್ತಿದ್ದೀನಿ,’ ಎಂದ. ಡಾಕ್ಟರಮ್ಮ ಬರಿಗೈಲಿ ಒಳಗೆ ಬಂದರು. ನಾಯಿ ಅವರದು, ತಾನು ತಡೆಯುವಂತಿಲ್ಲ ಎಂದರು.

ಎಚ್ಚರಕ್ಕ ನಲ್ಲಿಯ ಹತ್ತಿರ ಹೋಗಿ ಟವೆಲುಗಳನ್ನು ತೊಳೆಯತೊಡಗಿದಳು. ಅವೆಲ್ಲ ತೊಳೆದಿದ್ದವೇ. ಅವಳಿಗಿದ್ದ ತೌರೆಂದರೆ ಅಣ್ಣನೊಬ್ಬನೇ. ಊಟ ತಂಗಿಗೆ ಮಾತ್ರ ಆಗುವಷ್ಟಿದ್ದ ದಿನ ತನಗೆ ಹಸಿವಿಲ್ಲ ಎಂದವನು, ಅವಳ ಮದುವೆಗೆ ಹೊಸ ಅಂಗಿ ಹೊಲಿಸಿಕೊಳ್ಳದೆ ಹಳೆಯದಕ್ಕೆ ಇಸ್ತ್ರಿ ಮಾಡಿ ಬಂದವನು. ಅವನಿಗೆ ಒರಗಲು ಇದ್ದ ಒಂದೇ ಗೋಡೆಯನ್ನು ಬೀಳಿಸದೆ ಒಳಗೆ ಮಲಗಿದವಳನ್ನು ಉಳಿಸುವ ದಾರಿ ಅವಳಿಗೆ ಕಾಣಲಿಲ್ಲ. ಸುಮ್ಮನಿದ್ದರೆ ಯಾರೂ ಅವಳನ್ನು ದೂರುವಂತಿರಲಿಲ್ಲ. ಅಣ್ಣ ಸಮಾಧಾನದಿಂದಲೇ ಮುದುಕನಾಗುತ್ತಿದ್ದ.

ಅವನೇ ಹುಡುಕಿಕೊಂಡು ಬಂದ. ಇನ್ನೂ ಎಷ್ಟು ಹೊತ್ತು ಎಂದ.

ಅವಳು ಟವೆಲು ಹಿಂಡುತ್ತಲೇ ಹೇಳಿದಳು: ‘ಅಣ್ಣ, ಬೂದಿಗೂ ಇದೇ ಆಗಿದ್ದು.’

‘ಅದಕ್ಕೇ ತಾನೆ ಹೇಳ್ತಿರೋದು.’

‘ಆಗಲೂ ಕುದುರೆಗಳಿಗೆ ಪೇಸ್ಟ್ ಹಚ್ಚಿದ್ದೆ ನೀನು. ನೆನಪು ಮಾಡ್ಕೊ.’

ಅಣ್ಣ ನೆನಪು ಮಾಡಿಕೊಂಡ. ಅವನ ಮುಖದಲ್ಲಿ ಅದು ಇಳಿಯುವುದನ್ನು ಅವಳು ನೋಡಿದಳು. ಮಾತು ಕಡಿಮೆಯವರಿಗೆ ಅರ್ಥವಾಗಲು ಹೆಚ್ಚು ಮಾತು ಬೇಡ.

‘ಇವಳು ಏಳ್ತಾಳೆ ಅಂತ ಡಾಕ್ಟ್ರು ಹೇಳಿದ್ರು,’ ಎಂದ ನಿಧಾನವಾಗಿ. ‘ಹಾಗಾದ್ರೆ ಅವಳು?’

ಬೇರೆ ಕಾಯಿಲೆ ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

‘ಅವಳ ಕಿವಿ ಅದುರಿತ್ತು ಅಣ್ಣ. ನಾನು ಆಗಲೇ ಹೇಳಿದ್ದೆ. ಅದೇನು ಅಂತ ಆಗ ಯಾರಿಗೂ ಗೊತ್ತಿರ್ಲಿಲ್ಲ.’

‘ನಾನು ಕೇಳಿದ್ದು ಅದಲ್ಲ.’

‘ಎದ್ದಿರ್ತಿದ್ಲು ಅನ್ಸುತ್ತೆ.’

‘ಅನ್ಸುತ್ತೆ ಅಂದ್ರೆ?’

‘ಕಾದಿದ್ರೆ ಗೊತ್ತಾಗ್ತಿತ್ತು,’ ಎಂದಳು ಎಚ್ಚರಕ್ಕ.

ನಲ್ಲಿ ಸುರಿಯುತ್ತಲೇ ಇತ್ತು. ಅಣ್ಣ ಕೈ ಚಾಚಿ ಅದನ್ನು ನಿಲ್ಲಿಸಿದ, ಇನ್ನೊಮ್ಮೆ ಬಿಗಿಯಾಗಿ ತಿರುಗಿಸಿದ. ಒಳಗೆ ಹೋಗಿ ಡಾಕ್ಟರಮ್ಮನಿಗೆ ‘ಇರ್ಲಿ’ ಎಂದಷ್ಟೇ ಹೇಳಿ ಕಂಬಳಿಯನ್ನು ಅಲ್ಲೇ ಬಿಟ್ಟು ಹೋದ. ಗೇಟು ದಾಟುವವರೆಗೂ ಅವನ ನಡಿಗೆ ಎಂದಿನ ಹಾಗೇ ಇತ್ತು. ಆಮೇಲೆ ಗೋಡೆಯ ಮಗ್ಗುಲಲ್ಲಿ ಒಂದು ಕಡೆ ನಿಂತ. ಎಚ್ಚರಕ್ಕ ಹಿಂದೆ ಹೋಗಲಿಲ್ಲ.

ಆಮೇಲಿನ ದಿನಗಳು ಒಂದರ ಹಾಗೆ ಇನ್ನೊಂದು. ಕಿಡಿ ರೆಪ್ಪೆ ಮಿಟುಕಿಸುತ್ತಿರಲಿಲ್ಲವಾದ್ದರಿಂದ ಕಣ್ಣು ಒಣಗದಂತೆ ಮುಲಾಮು ಹಚ್ಚಬೇಕು. ಮೂಗಿನ ಕೊಳವೆಯಲ್ಲಿ ಗಂಜಿ ಇಳಿಸಬೇಕು, ಹೊಟ್ಟೆ ಒತ್ತಿ ಮೂತ್ರ ಮಾಡಿಸಬೇಕು, ಒದ್ದೆ ಬಟ್ಟೆಯಿಂದ ನಾಲಿಗೆ ನೆನೆಸಬೇಕು. ಒಂದು ಮಧ್ಯಾಹ್ನ ಉಸಿರು ತೆಳುವಾಗುತ್ತ ಬಂತು. ಡಾಕ್ಟರಮ್ಮ ಗಂಟಲಿಗೆ ನಳಿಕೆ ಇಳಿಸಿದರು; ಇಬ್ಬರೂ ಸರದಿಯ ಮೇಲೆ ರಬ್ಬರಿನ ಚೀಲ ಒತ್ತುತ್ತ ಕೂತರು. ಹೊರಗೆ ಬೆಕ್ಕಿಗೆ ಲಸಿಕೆ ಹಾಕಿಸಲು ಬಂದವರು ಬೈದುಕೊಂಡೇ ಕಾದರು. ಸಂಜೆಯಾಗುವಾಗ ಕಿಡಿ ಮತ್ತೆ ತಾನೇ ಉಸಿರಾಡಿದಳು. ಡಾಕ್ಟರಮ್ಮ ತಮ್ಮ ಬೆರಳು ಮಡಚಲಾಗದೆ ಎಚ್ಚರಕ್ಕನ ಕೈಯಿಂದ ಚಹಾ ಕುಡಿದರು.

ಅಣ್ಣ ಬರಲಿಲ್ಲ. ಬಸ್ಸಿನ ಕೊನೆಯ ಸುತ್ತು ಮುಗಿಸಿ ಗಂಡ ಲಾಯಕ್ಕೆ ಹೋಗಿ ನೋಡಿ ಬಂದ. ‘ನಿಮ್ಮಣ್ಣ ಪ್ರೊಮೋಷನ್ ವಾಪಸ್ ಮಾಡಿದ್ದಾನೆ. ಮತ್ತೆ ಲದ್ದಿ ಬಾಚ್ತಿದ್ದಾನೆ,’ ಎಂದ. ಅವಳು ನಗದಿದ್ದುದನ್ನು ನೋಡಿ ಸರಿಯಾಗಿ ಹೇಳಿದ. ಅಂಗಳದಲ್ಲಿ, ಮೈದಾನದಲ್ಲಿ ಬಿದ್ದ ಲದ್ದಿಯನ್ನೆಲ್ಲ ಅಣ್ಣ ತಾನೇ ಕೈಯಾರೆ ಎತ್ತಿ ಹಿಂದೆ ತೋಡಿದ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚುತ್ತಿದ್ದಾನೆ. ಆಳುಗಳು ಸಲಿಕೆ ತಂದರೆ ಕಸಿದುಕೊಳ್ಳುತ್ತಾನೆ. ಊಟ ಮಾಡಿದೆಯಾ ಅಂದರೆ ಹೂಂ ಅನ್ನುತ್ತಾನೆ. ಯಾರೋ ಮುದಿ ಕುದುರೆಯ ವಿಷಯ ಕೇಳಲು ಬಂದಿದ್ದರಂತೆ, ನನ್ನನ್ನು ಕೇಳಬೇಡಿ ಎಂದು ಕಳಿಸಿಬಿಟ್ಟನಂತೆ.

‘ಹೇಳಬಾರದಿತ್ತಾ?’ ಎಂದು ಅವಳು ಗಂಡನನ್ನು ಕೇಳಿದಳು.

ಅವನು ಬೂಟಿನ ಲೇಸು ಬಿಚ್ಚಿದ. ಎಂದಿನ ತಮಾಷೆ ಬಿಟ್ಟು ಅವಳ ತಟ್ಟೆಗೆ ಊಟ ಬಡಿಸಿದ.

ಕೊನೆಗೊಂದು ದಿನ ಅಣ್ಣ ಬಂದಾಗ ಅವಳು ಕಿಡಿಯನ್ನು ಹೊರಳಿಸುತ್ತಿದ್ದಳು. ಬಾಗಿಲಲ್ಲಿ ನಿಂತು ನೋಡಿದ. ಗಡ್ಡ ಬೆಳೆದಿತ್ತು, ಉಗುರ ಸಂದಿಯಲ್ಲಿ ಮಣ್ಣು. ಹೇಗಿದ್ದಾಳೆ ಎಂದು ಕೇಳಲಿಲ್ಲ.

‘ಒಬ್ಬಳೇ ಎತ್ತಿದ್ರೆ ಬೆನ್ನು ಹಿಡ್ಕೊಳುತ್ತೆ. ಹೇಗೆ ತಿರುಗಿಸ್ಬೇಕು ಹೇಳು.’

ಅವಳು ತೋರಿಸಿಕೊಟ್ಟಳು. ಕಾಲುಗಳನ್ನು ಮೊದಲು ಹೊಟ್ಟೆಯ ಅಡಿ ಮಡಚಬೇಕು, ಕತ್ತಿಗೆ ಕೈ ಕೊಡಬೇಕು, ಬೆನ್ನಿನ ಮೇಲಿಂದ ಹೊರಳಿಸಬಾರದು. ಕುದುರೆಯ ಗೊರಸು ಎತ್ತಿ ಪಳಗಿದ ದೊಡ್ಡ ಕೈ. ಅದನ್ನು ಇಷ್ಟು ಮೆತ್ತಗೆ ಇಳಿಸಬಲ್ಲನೆಂದು ಅವಳಿಗೆ ಗೊತ್ತಿತ್ತು. ತಾನೂ ಆ ಕೈಯಲ್ಲಿ ಬೆಳೆದವಳು. ಅಂದಿನಿಂದ ಅವನು ಲಾಯದ ಬೆಳಗಿನ ಕೆಲಸ ಮುಗಿಸಿ ದಿನವೂ ಬಂದ. ಅಣ್ಣ ತಂಗಿ ಕಿಡಿಯ ಆಚೆ ಈಚೆ ಕೂತಿರುತ್ತಿದ್ದರು. ಬೂದಿಯ ಹೆಸರು ಇಬ್ಬರ ಬಾಯಲ್ಲೂ ಬರಲಿಲ್ಲ. ಒಂದು ಸಲ ಮಾತ್ರ, ಮುಲಾಮು ಹಚ್ಚುತ್ತಿದ್ದವನು ಕೈ ನಿಲ್ಲಿಸಿ ಹೇಳಿದ:

‘ನೀನು ಸುಮ್ಮನಿರಬಹುದಿತ್ತು.’

‘ಇರಬಹುದಿತ್ತು.’

ಮತ್ತೆ ಮುಲಾಮು ಹಚ್ಚಿದ. ಬೈದನೋ ಒಪ್ಪಿಕೊಂಡನೋ ಅವಳಿಗೆ ತಿಳಿಯಲಿಲ್ಲ. ಇನ್ನೂ ತಿಳಿದಿಲ್ಲ.

ಕಿಡಿಯ ಮೂಗು ಮೊದಲು ಎದ್ದಿತು. ಅಣ್ಣ ಹತ್ತಿರ ಬಂದು ಕೂತಾಗ ಮೂಗಿನ ಹೊಳ್ಳೆ ಅರಳಿ ಮುಚ್ಚಿತು, ಅವನ ಪ್ಯಾಂಟಿಗಂಟಿದ ಕುದುರೆ ವಾಸನೆಗೆ. ಮರುದಿನ ನಾಲಿಗೆ ಒದ್ದೆ ಬಟ್ಟೆಯನ್ನು ತಾನೇ ನೆಕ್ಕಿತು. ಅದಾದ ಮೇಲೆ ತಲೆ ಎತ್ತಿದಳು. ನೆಟ್ಟಗೆ ನಿಲ್ಲದೆ ಅದು ಅತ್ತಿತ್ತ ಓಲಾಡಿ ಅಣ್ಣನ ಮೊಣಕಾಲಿಗೆ ಬಂದು ಬಿತ್ತು. ಕಣ್ಣು ಇನ್ನೂ ಕಾಣುತ್ತಿರಲಿಲ್ಲ, ಅದು ಕೊನೆಗೆ ಬರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಎಚ್ಚರಕ್ಕ ಖುಷಿಗೆ ಸ್ಟೂಲಿನಿಂದ ಎದ್ದೇಬಿಟ್ಟಿದ್ದಳು. ಅಣ್ಣನ ಕಡೆ ತಿರುಗಿದರೆ ಅವನು ಅಳುತ್ತಿದ್ದ. ಸದ್ದಿಲ್ಲದೆ, ಕಿಡಿಯ ತಲೆ ಅಲುಗದಂತೆ ಮೊಣಕಾಲನ್ನು ಬಿಗಿಹಿಡಿದು. ಆ ಅಳು ಎದುರಿಗೆ ಎದ್ದವಳಿಗಾಗಿ ಅಲ್ಲವೆಂದು ಅವಳಿಗೆ ಅರ್ಥವಾಯಿತು. ಅವಳು ಮತ್ತೆ ಕೂತಳು.

ಕಿಡಿ ಗೋಡೆ ಹಿಡಿದು ನಡೆಯುವಂತಾದಾಗ ಡಾಕ್ಟರಮ್ಮ ಇನ್ನೊಂದು ವಿಷಯ ತೆಗೆದರು. ಬೂದಿಗೆ ಕಾವಲು ಇರಲೇ ಇಲ್ಲವೆಂದಾದರೆ ಅವಳ ಪ್ರತಿ ಮರಿಗೂ ಆ ಕೊರತೆಯ ಒಂದು ಪಾಲು ಬಂದೇ ಇರುತ್ತದೆ. ತಂದೆಯಿಂದಲೂ ಇನ್ನೊಂದು ಪಾಲು ಬಂದಿದ್ದರೆ ಅವು ಕಿಡಿಯ ಹಾಗೆಯೇ. ಕೆನ್ನೆಯ ಒಳಗಿನ ಜೊಲ್ಲು ತೆಗೆದು ದೊಡ್ಡ ಲ್ಯಾಬಿಗೆ ಕಳಿಸಿದರೆ ತಿಳಿಯುತ್ತದೆ. ಅಲ್ಲಿಯವರೆಗೆ ಜಂತಿನ ಆ ಔಷಧಿಯಾಗಲಿ, ಕೇಳದೆ ಬೇರೆ ಮತ್ತಿನ ಔಷಧಿಯಾಗಲಿ ಅವುಗಳಿಗೆ ಸೋಕಬಾರದು. ಯಾರ್ಯಾರ ಮನೆಯಲ್ಲಿವೆ ಹೇಳಿ, ಆಸ್ಪತ್ರೆಯಿಂದಲೇ ಫೋನು ಮಾಡಿಸುತ್ತೇನೆ ಎಂದರು.

‘ಬೇಡ,’ ಎಂದ ಅಣ್ಣ. ‘ಕೊಟ್ಟವನು ನಾನು. ನಾನೇ ಹೋಗ್ತೀನಿ.’

ರಜೆಯ ದಿನ ಹೊರಟರು. ಕಿಡಿಗೆ ಅಷ್ಟು ಹೊತ್ತಿಗೆ ಕಣ್ಣು ಬಂದಿತ್ತು, ಆದರೂ ಅಣ್ಣನ ಕಾಲಿಗೆ ಅಂಟಿಕೊಂಡೇ ನಡೆಯುತ್ತಿದ್ದಳು. ಎಚ್ಚರಕ್ಕ ಜತೆಗೆ ಬಂದದ್ದು ಜೊಲ್ಲು ತೆಗೆಯಲು. ಹಾಗೆಂದು ಅಣ್ಣನಿಗೆ ಹೇಳಿದ್ದಳು.

ಮೊದಲ ಮನೆ ಬೇಕರಿಯವಳದು. ಒಲೆಯ ಕಾವಿನಲ್ಲಿ ಕೆಂಪಾದ ಮುಖ ಒರೆಸಿಕೊಳ್ಳುತ್ತ ಅವಳು ಹೊರಗೆ ಬಂದಳು. ಬೂದಿಯ ಕೊನೆಯ ಕತೆಯನ್ನು ಅವನ ಬಾಯಿಂದ ಹಿಂದೆ ಕೇಳಿದ್ದವಳು. ಅದನ್ನು ಕೇಳಿಯೇ ತನ್ನ ಮುದಿ ಬೆಕ್ಕಿನ ವಿಷಯದಲ್ಲಿ ಧೈರ್ಯ ತಂದುಕೊಂಡಿದ್ದವಳು. ಅಣ್ಣ ಔಷಧಿಯ ವಿಷಯ ಹೇಳಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬೂದಿಗೂ ಇದೇ ಆಗಿತ್ತು, ಕಾದಿದ್ದರೆ ಎದ್ದಿರುತ್ತಿದ್ದಳು, ನಾನು ಕಾಯಲಿಲ್ಲ ಎಂದ. ಬೇಕರಿಯವಳು ಗಾಬರಿಯಾಗಿ, ಪಾಪ, ನಿಮಗೇನು ಗೊತ್ತಿತ್ತು ಎಂದಳು.

‘ಗೊತ್ತಿರ್ಲಿಲ್ಲ. ಅದು ನಿಜ. ಎದ್ದಿರ್ತಿದ್ಲು. ಅದೂ ನಿಜ.’

ನಿನ್ನ ಬೆಕ್ಕಿನ ವಿಷಯ ಬೇರೆ, ಅದಕ್ಕೆ ಗಡ್ಡೆಯಾಗಿತ್ತು, ಅದನ್ನು ಇದಕ್ಕೆ ಗಂಟು ಹಾಕಬೇಡ ಎಂದು ಅಣ್ಣ ತಾನಾಗಿಯೇ ಸೇರಿಸಿದ. ಬೇಕರಿಯವಳು ಸೆರಗಿನಿಂದ ಇನ್ನೊಮ್ಮೆ ಮುಖ ಒರೆಸಿಕೊಂಡಳು. ಎಚ್ಚರಕ್ಕ ಅಂಗಳದಲ್ಲಿ ಕೂತು ನಾಯಿಯ ಕೆನ್ನೆಯೊಳಗೆ ಹ‌ತ್ತಿಯ ಕಡ್ಡಿ ಆಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

ಶಾಲೆಯ ಜವಾನನ ಮನೆಯಲ್ಲೂ ಹಾಗೇ ಆಯಿತು. ಆಮೇಲೆ ಬಟ್ಟೆ ಒಗೆಯುವವರ ಮನೆಯಲ್ಲಿ. ಪ್ರತಿ ಬಾಗಿಲಲ್ಲೂ ಅಣ್ಣ ಅಷ್ಟನ್ನೇ ಹೇಳಿದ, ಕಡಿಮೆ ಮಾಡಲಿಲ್ಲ, ಬಣ್ಣ ಹಚ್ಚಲಿಲ್ಲ. ನೀನು ಇದನ್ನ ಎಲ್ಲರಿಗೂ ಹೇಳಬೇಕಾಗಿಲ್ಲ ಎಂದು ಅವಳು ದಾರಿಯಲ್ಲಿ ಒಮ್ಮೆ ಹೇಳಿ ನೋಡಿದಳು. ಮೊದಲಿನದನ್ನು ಎಲ್ಲರಿಗೂ ಹೇಳಿದ್ದೆನಲ್ಲ ಎಂದು ಅವನು ಉತ್ತರ ಕೊಟ್ಟ.

ಕೊನೆಯ ಮರಿ ಇಟ್ಟಿಗೆ ಗೂಡಿನ ಕಾವಲುಗಾರನ ಹತ್ತಿರ ಇತ್ತು. ಮುದುಕ, ಎರಡೂ ಕಿವಿ ಮಂದ. ಅವನ ನಾಯಿ ಕಿಡಿಯನ್ನು ಕಂಡು ಇಟ್ಟಿಗೆಯ ರಾಶಿಯ ಮೇಲಿಂದ ಹಾರಿ ಬಂತು. ಅಣ್ಣ ಎಂದಿನ ತಗ್ಗಿದ ದನಿಯಲ್ಲಿ ಶುರು ಮಾಡಿದ. ಮುದುಕ ಕೈಯನ್ನು ಕಿವಿಗೆ ಗೂಡು ಮಾಡಿ ‘ಆಂ?’ ಎಂದ. ಇನ್ನೊಮ್ಮೆ ಹೇಳಿದ. ‘ಇವ್ನು ನುಂಗಿ ನುಂಗಿ ಮಾತಾಡ್ತಾನೆ, ಲಗಾಮು ತೆಗೆದು ಹೇಳಪ್ಪ,’ ಎಂದ ಮುದುಕ.

ಎಚ್ಚರಕ್ಕ ತಾನು ಹೇಳಲೆಂದು ಮುಂದೆ ಬಂದಳು. ಅಣ್ಣ ಕೈ ಅಡ್ಡ ಮಾಡಿ ಅವಳನ್ನು ತಡೆದ. ಆಮೇಲೆ, ಹುಟ್ಟಿದಾಗಿನಿಂದ ದನಿ ಎತ್ತದಿದ್ದ ಮನುಷ್ಯ, ಇಟ್ಟಿಗೆ ಹೊರುವವರು ತಲೆಯ ಮೇಲಿನ ಹೊರೆ ಸಮೇತ ನಿಂತು ನೋಡುವಷ್ಟು ಗಟ್ಟಿಯಾಗಿ ಹೇಳಿದ:

‘ಇವನಮ್ಮ ಸಾಯೋಳಲ್ಲ. ಮಲಗಿದ್ಲು. ಏಳೋಳಿದ್ಲು. ನಾನು ಕಾಯ್ಲಿಲ್ಲ.’

ಮುದುಕನಿಗೆ ಈಗ ಕೇಳಿಸಿತು. ಅವನು ಅಣ್ಣನನ್ನು ನೋಡಿದ, ಕಾಲ ಬಳಿ ಆಡುತ್ತಿದ್ದ ಎರಡು ನಾಯಿಗಳನ್ನು ನೋಡಿದ. ತನಗೆ ಬೇಕಾದದ್ದನ್ನು ಮಾತ್ರ ಕೇಳಿದ. ಇವನೂ ಹಾಗೆ ಮಲಗಿಬಿಟ್ಟರೆ ನಾನೇನು ಮಾಡಲಿ, ನನಗೋ ಒಬ್ಬನಿಗೇ ಎತ್ತಲೂ ಆಗುವುದಿಲ್ಲ ಎಂದ.

‘ನಮ್ಮನ್ನ ಕರೆಸು,’ ಎಂದು ಅಣ್ಣ ಅದೇ ಎತ್ತರದ ದನಿಯಲ್ಲಿ ಹೇಳಿದ. ‘ಎಷ್ಟು ದಿನ ಆದ್ರೂ ಸರಿ. ತಿರುಗಿಸೋಕೆ ಎರಡು ಕಡೆಗೂ ಜನ ಇದ್ದೀವಿ.’

ಎಚ್ಚರಕ್ಕ ಮಣ್ಣಿನಲ್ಲಿ ಮಂಡಿಯೂರಿ ಕೂತು ಮುದುಕನ ನಾಯಿಯನ್ನು ಹತ್ತಿರಕ್ಕೆ ಕರೆದಳು. ಅದು ಬಂತು. ಅಣ್ಣ ಅದರ ಬಾಯಿಯನ್ನು ಮೆಲ್ಲಗೆ ತೆರೆದು ಹಿಡಿದ, ಅವಳು ಕಡ್ಡಿ ಒಳಗಿಟ್ಟಳು.